ಹೆಸರು ಬದಲಾದ ಕರುಳಿನ ಬ್ಯಾಕ್ಟೀರಿಯಾ: ಲೆಕ್ಕ ತಪ್ಪದಿರಲು ಬೇಕು ಎಚ್ಚರ

ಔಷಧಗಳಿಗೆ ಮಣಿಯದ ಬ್ಯಾಕ್ಟೀರಿಯಾಗಳ ಪೈಕಿ ಯಾವುವು ಅತ್ಯಂತ ಅಪಾಯಕಾರಿ ಎಂಬುದನ್ನು ಸೂಚಿಸುವ ಪಟ್ಟಿಯೊಂದನ್ನು ವಿಶ್ವ ಆರೋಗ್ಯ ಸಂಸ್ಥೆಯು 2017ರ ಫೆಬ್ರುವರಿಯಲ್ಲಿ ಪ್ರಕಟಿಸಿತು. ಅದರ ‘ಅತಿ ಗಂಭೀರ’ ಗುಂಪಿನಲ್ಲಿ ‘ಎಂಟೆರೊಬ್ಯಾಕ್ಟೀರಿಯೇಸೀ’ ಎಂಬ ಹೆಸರಿತ್ತು. 2024ರ ಮೇ ತಿಂಗಳಲ್ಲಿ ಪಟ್ಟಿ ಪರಿಷ್ಕೃತಗೊಂಡಾಗ ಅದೇ ಜಾಗದಲ್ಲಿ ‘ಎಂಟೆರೊಬ್ಯಾಕ್ಟೆರೇಲ್ಸ್’ ಎಂಬ ಪದ ಕಾಣಿಸಿಕೊಂಡಿತು. ಸಾಮಾನ್ಯ ಓದುಗರಿಗೆ ಇದು ಅಕ್ಷರದೋಷದಂತೆ ಕಂಡರೆ ಆಶ್ಚರ್ಯವಿಲ್ಲ. ಆದರೆ ಈ ಎರಡು ಪದಗಳ ನಡುವೆ ಒಂದು ದೊಡ್ಡ ಕುಟುಂಬ ಏಳು ಪಾಲಾದ ಕಥೆಯಿದೆ. ಪಾಲಾದದ್ದು ಸೂಕ್ಷ್ಮಾಣು ವಿಜ್ಞಾನಿಗಳ ಪುಸ್ತಕದಲ್ಲೇ ಆದರೂ ಅದರ ಪರಿಣಾಮ ತೀವ್ರ ನಿಗಾ ಘಟಕದ ಹಾಸಿಗೆಯವರೆಗೂ ತಲುಪಬಲ್ಲದು.

ಮೂತ್ರನಾಳದ ಸೋಂಕು, ವಿಷಮಶೀತ ಜ್ವರ, ರಕ್ತಭೇದಿ, ನವಜಾತ ಶಿಶುಗಳ ರಕ್ತದ ಸೋಂಕು, ಆಸ್ಪತ್ರೆಯಲ್ಲಿ ಅಂಟುವ ನ್ಯುಮೋನಿಯಾ ಮತ್ತು ಪ್ಲೇಗ್ - ಇವಿಷ್ಟಕ್ಕೂ ಕಾರಣವಾಗುವ ಬ್ಯಾಕ್ಟೀರಿಯಾಗಳು ದಶಕಗಳ ಕಾಲ ಒಂದೇ ಸೂರಿನಡಿ ಇದ್ದವು. ಜಗತ್ತಿನಾದ್ಯಂತ 2019ರಲ್ಲಿ ಔಷಧ ನಿರೋಧಕ ಬ್ಯಾಕ್ಟೀರಿಯಾಗಳಿಂದ ನೇರವಾಗಿ ಸುಮಾರು 12.7 ಲಕ್ಷ ಮಂದಿ ಸತ್ತರೆಂದು 2022ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ಆ ಸಾವುಗಳಿಗೆ ಮುಖ್ಯ ಕಾರಣವೆಂದು ಹೆಸರಿಸಲಾದ ಆರು ಬ್ಯಾಕ್ಟೀರಿಯಾಗಳಲ್ಲಿ ಎರಡು, ಅಂದರೆ ಇ. ಕೋಲಿ ಮತ್ತು ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ, ಇದೇ ಸೂರಿನವು. ಹೀಗಿರುವಾಗ ಈ ಗುಂಪನ್ನು ಯಾವ ಹೆಸರಿನಿಂದ ಕರೆಯಬೇಕು, ಯಾವುದನ್ನು ಒಳಗೆ ಎಣಿಸಬೇಕು, ಯಾವುದನ್ನು ಹೊರಗಿಡಬೇಕು ಎಂಬ ಪ್ರಶ್ನೆ ಕೇವಲ ಪಂಡಿತರ ಚರ್ಚೆಯಾಗಿ ಉಳಿಯುವುದಿಲ್ಲ.

ಬಣ್ಣದಿಂದ ಆರಂಭವಾದ ವಿಂಗಡಣೆ

ಬ್ಯಾಕ್ಟೀರಿಯಾಗಳನ್ನು ವಿಂಗಡಿಸುವ ಮೊದಲ ಸುಲಭ ಉಪಾಯವನ್ನು ಕೊಟ್ಟವರು ಡೆನ್ಮಾರ್ಕಿನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಂ. 1884ರಲ್ಲಿ ಅವರು ಪ್ರಕಟಿಸಿದ ವಿಧಾನದಲ್ಲಿ ನೇರಳೆ ಬಣ್ಣ ಹಚ್ಚಿ, ಅಯೋಡಿನ್ ಸೇರಿಸಿ, ಬಳಿಕ ಮದ್ಯಸಾರದಿಂದ ತೊಳೆದಾಗ ಕೆಲವು ಬ್ಯಾಕ್ಟೀರಿಯಾಗಳು ಬಣ್ಣವನ್ನು ಉಳಿಸಿಕೊಂಡವು, ಕೆಲವು ಕಳೆದುಕೊಂಡವು. ಕಳೆದುಕೊಂಡವುಗಳೇ ಗ್ರಾಂ ನೆಗೆಟಿವ್. ಇವುಗಳ ಕೋಶಭಿತ್ತಿ ತೆಳುವಾಗಿದ್ದು, ಅದರ ಹೊರಗೆ ಇನ್ನೊಂದು ಪೊರೆಯಿರುತ್ತದೆ. ಅನೇಕ ಔಷಧಗಳು ಒಳಗೆ ನುಗ್ಗದಂತೆ ತಡೆಯುವುದು ಈ ಹೊರಪೊರೆಯೇ.

ಮರುವರ್ಷವೇ, 1885ರಲ್ಲಿ, ಜರ್ಮನಿಯಲ್ಲಿ ಮಕ್ಕಳ ವೈದ್ಯರಾಗಿದ್ದ ಥಿಯೊಡೋರ್ ಎಷೆರಿಷ್ ಶಿಶುಗಳ ಮಲದಲ್ಲಿ ಕಂಡ ಕಡ್ಡಿಯಾಕಾರದ ಜೀವಿಯನ್ನು ವಿವರಿಸಿದರು. ಇಂದಿನ ಎಷೆರಿಷಿಯಾ ಕೋಲಿ, ಅಂದರೆ ಇ. ಕೋಲಿ, ಅವರ ಹೆಸರನ್ನೇ ಹೊತ್ತಿದೆ. 1894ರಲ್ಲಿ ಹಾಂಕಾಂಗ್‌ನಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಪ್ಲೇಗ್ ರೋಗಾಣುವನ್ನು ಗುರುತಿಸಿದರೆ, 1897ರಲ್ಲಿ ಜಪಾನಿನ ಕಿಯೋಷಿ ಶಿಗಾ ರಕ್ತಭೇದಿಯ ರೋಗಾಣುವನ್ನು ಪತ್ತೆ ಹಚ್ಚಿದರು. ಪಶುವೈದ್ಯ ಡೇನಿಯಲ್ ಸಾಲ್ಮನ್ ಅವರ ಹೆಸರು ಸಾಲ್ಮೊನೆಲ್ಲಾಕ್ಕೆ ಬಂದಿತು. ಹೀಗೆ ಒಂದೊಂದು ಕಾಯಿಲೆಯ ಬೆನ್ನು ಹತ್ತಿ ಒಂದೊಂದು ಹೆಸರು ಹುಟ್ಟಿತು.

ಇವುಗಳನ್ನೆಲ್ಲ ಒಂದುಗೂಡಿಸಿ 1937ರಲ್ಲಿ ‘ಎಂಟೆರೊಬ್ಯಾಕ್ಟೀರಿಯೇಸೀ’ ಎಂಬ ಕುಟುಂಬವನ್ನು ಸೂಚಿಸಿದವರು ಒಟ್ಟೊ ರಾನ್. ಗ್ರೀಕ್ ಭಾಷೆಯಲ್ಲಿ ‘ಎಂಟೆರಾನ್’ ಎಂದರೆ ಕರುಳು. ಜೀವಿಗಳ ವರ್ಗೀಕರಣದಲ್ಲಿ ಹತ್ತಿರದ ಪ್ರಭೇದಗಳು ಸೇರಿ ಕುಲ, ಕುಲಗಳು ಸೇರಿ ಕುಟುಂಬ, ಕುಟುಂಬಗಳು ಸೇರಿ ಗಣ ಆಗುತ್ತದೆ. ಆದರೆ ಆ ಕಾಲದಲ್ಲಿ ಹತ್ತಿರದ ಸಂಬಂಧವನ್ನು ಅಳೆಯಲು ಇದ್ದ ಸಾಧನಗಳು ಸೀಮಿತ. ಜೀವಿಯು ಗ್ಲೂಕೋಸನ್ನು ಹುದುಗಿಸುತ್ತದೆಯೇ, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಬಳಸುತ್ತದೆಯೇ, ನೈಟ್ರೇಟನ್ನು ನೈಟ್ರೈಟ್ ಆಗಿ ಪರಿವರ್ತಿಸುತ್ತದೆಯೇ, ಯೂರಿಯಾವನ್ನು ಒಡೆಯುತ್ತದೆಯೇ ಎಂಬ ಪರೀಕ್ಷೆಗಳೇ ಆಧಾರ. ಪಿತ್ತಲವಣ ಮತ್ತು ಲ್ಯಾಕ್ಟೋಸ್ ಬೆರೆತ ಮೆಕಾಂಕಿ ಅಗಾರ್ ತಟ್ಟೆಯಲ್ಲಿ ಇ. ಕೋಲಿ ಗುಲಾಬಿ ಬಣ್ಣದ ಚುಕ್ಕೆಗಳಾಗಿ ಬೆಳೆದರೆ, ಸಾಲ್ಮೊನೆಲ್ಲಾ ಬಣ್ಣವಿಲ್ಲದೆ ಬೆಳೆಯುತ್ತದೆ. ಇಂದಿಗೂ ಆಸ್ಪತ್ರೆಗಳ ಪ್ರಯೋಗಾಲಯದಲ್ಲಿ ಮೊದಲ ಸುಳಿವು ಸಿಗುವುದು ಈ ತಟ್ಟೆಯಿಂದಲೇ.

ಈ ಪರೀಕ್ಷೆಗಳು ಚಿಕಿತ್ಸೆಗೆ ನೆರವಾದವೇ ಹೊರತು ರಕ್ತಸಂಬಂಧವನ್ನು ಹೇಳಲಿಲ್ಲ. ಪರಿಣಾಮವಾಗಿ ಕರುಳಿನ ಜೀವಿಗಳ ಜೊತೆಗೆ ಆಲೂಗೆಡ್ಡೆಯನ್ನು ಕೊಳೆಸುವ ಜೀವಿ, ಮೀನಿಗೆ ರೋಗ ತರುವ ಜೀವಿ, ಚಿಗಟದ ಮೂಲಕ ಹರಡುವ ಪ್ಲೇಗ್ ರೋಗಾಣು ಎಲ್ಲವೂ ಒಂದೇ ಕುಟುಂಬದ ಸದಸ್ಯರಾಗಿ ಉಳಿದವು.

ಏಳು ಪಾಲಾದ ಮನೆ

1977ರಲ್ಲಿ ಅಮೆರಿಕದ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಜೀವಿಗಳ ವಂಶಾವಳಿಯನ್ನು ರೈಬೋಸೋಮಿನ ಆರ್‌ಎನ್‌ಎ ಆಧಾರದಲ್ಲಿ ಬರೆಯಬಹುದೆಂದು ತೋರಿಸಿದ ಬಳಿಕ ಬ್ಯಾಕ್ಟೀರಿಯಾಗಳ ವರ್ಗೀಕರಣದ ದಿಕ್ಕೇ ಬದಲಾಯಿತು. ಆದರೆ ಕರುಳಿನ ಬ್ಯಾಕ್ಟೀರಿಯಾಗಳ ವಿಷಯದಲ್ಲಿ ಈ ಒಂದು ವಂಶವಾಹಿ ಸಾಲಲಿಲ್ಲ. ಇವುಗಳಲ್ಲಿ ಅದು ಎಷ್ಟೊಂದು ಹೋಲುತ್ತದೆಯೆಂದರೆ ಕವಲುಗಳು ಎಲ್ಲಿ ಒಡೆದವೆಂದು ಖಚಿತವಾಗಿ ಹೇಳಲಾಗುತ್ತಿರಲಿಲ್ಲ. ಸಂಪೂರ್ಣ ಜೀನೋಮ್ ಓದುವ ಯಂತ್ರಗಳು ಅಗ್ಗವಾದ ನಂತರವಷ್ಟೇ ಈ ತೊಡಕು ಬಗೆಹರಿಯಿತು.

2016ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ರಾಧೇ ಎಸ್. ಗುಪ್ತಾ ಅವರ ತಂಡ ಪ್ರಕಟಿಸಿದ ಪ್ರಬಂಧ ಹಳೆಯ ಮನೆಯನ್ನು ವಿಧಿವತ್ತಾಗಿ ಪಾಲು ಮಾಡಿತು. ನೂರಾರು ಪ್ರೋಟೀನುಗಳ ಹೋಲಿಕೆಯ ಜೊತೆಗೆ, ನಿರ್ದಿಷ್ಟ ಪ್ರೋಟೀನುಗಳಲ್ಲಿ ಒಂದು ಕವಲಿನ ಸದಸ್ಯರೆಲ್ಲರಲ್ಲೂ ಇದ್ದು ಹೊರಗಿನವರಲ್ಲಿ ಇಲ್ಲದ ಸಣ್ಣ ಸೇರ್ಪಡೆ ಅಥವಾ ಲೋಪಗಳನ್ನು ತಂಡವು ಗುರುತಾಗಿ ಬಳಸಿತು. ಇಡೀ ಗುಂಪಿಗೆ ‘ಎಂಟೆರೊಬ್ಯಾಕ್ಟೆರೇಲ್ಸ್’ ಎಂಬ ಗಣದ ಸ್ಥಾನ ಕೊಟ್ಟು, ಅದರೊಳಗೆ ಏಳು ಕುಟುಂಬಗಳನ್ನು ಗುರುತಿಸಿತು.

ಇ. ಕೋಲಿ, ಶಿಗೆಲ್ಲಾ, ಸಾಲ್ಮೊನೆಲ್ಲಾ, ಕ್ಲೆಬ್ಸಿಯೆಲ್ಲಾ, ಎಂಟೆರೊಬ್ಯಾಕ್ಟರ್, ಸಿಟ್ರೊಬ್ಯಾಕ್ಟರ್ ಮೊದಲಾದವು ಹಳೆಯ ಹೆಸರಿನ ಎಂಟೆರೊಬ್ಯಾಕ್ಟೀರಿಯೇಸೀ ಕುಟುಂಬದಲ್ಲೇ ಉಳಿದವು. ಪ್ಲೇಗಿನ ಯೆರ್ಸಿನಿಯಾ ಮತ್ತು ಆಸ್ಪತ್ರೆ ಸೋಂಕಿಗೆ ಹೆಸರಾದ ಸೆರೇಷಿಯಾ ಯೆರ್ಸಿನಿಯೇಸೀ ಕುಟುಂಬಕ್ಕೆ ಸೇರಿದವು. ಪ್ರೋಟಿಯಸ್, ಪ್ರಾವಿಡೆನ್ಸಿಯಾ, ಮಾರ್ಗನೆಲ್ಲಾ ಕುಲಗಳು ಮಾರ್ಗನೆಲ್ಲೇಸೀ ಕುಟುಂಬವಾದವು. ಹಾಫ್ನಿಯಾ ಹಾಗೂ ಮೀನುಗಳಿಗೆ ರೋಗ ತರುವ ಎಡ್ವರ್ಡ್‌ಸಿಯೆಲ್ಲಾ ಹಾಫ್ನಿಯೇಸೀ ಎನಿಸಿದವು. ಸಸ್ಯಗಳ ನಂಟಿನ ಎರ್ವಿನಿಯಾ ಮತ್ತು ಪ್ಯಾಂಟೊಯಿಯಾ ಎರ್ವಿನಿಯೇಸೀ ಆದರೆ, ಗೆಡ್ಡೆ-ತರಕಾರಿಗಳ ಮೆತು ಕೊಳೆರೋಗದ ಪೆಕ್ಟೊಬ್ಯಾಕ್ಟೀರಿಯಂ ಮತ್ತು ಡಿಕಿಯಾ ಪೆಕ್ಟೊಬ್ಯಾಕ್ಟೀರಿಯೇಸೀ ಆದವು. ಝೆಕ್ ನಗರವೊಂದರ ಲ್ಯಾಟಿನ್ ಹೆಸರನ್ನು ಹೊತ್ತ ಬುಡ್ವಿಸಿಯಾದಿಂದ ಬುಡ್ವಿಸಿಯೇಸೀ ಎಂಬ ಏಳನೆಯ ಕುಟುಂಬ ರೂಪುಗೊಂಡಿತು. ಮರುವರ್ಷ, 2017ರಲ್ಲಿ, ಎಂಟೆರೊಬ್ಯಾಕ್ಟರ್ ಏರೋಜೆನೆಸ್ ಎಂದು ವೈದ್ಯರಿಗೆ ಪರಿಚಿತವಾಗಿದ್ದ ಜೀವಿಯು ಕ್ಲೆಬ್ಸಿಯೆಲ್ಲಾ ಏರೋಜೆನೆಸ್ ಆಯಿತು.

ಲೆಕ್ಕದಲ್ಲಿ ಸೋರಿಕೆಯ ಭಯ

ಸಮಸ್ಯೆ ಆರಂಭವಾಗುವುದು ಇಲ್ಲಿಯೇ. ಹಳೆಯ ಹೆಸರು ಅಳಿದುಹೋಗಿದ್ದರೆ ಗೊಂದಲ ಕಡಿಮೆಯಾಗುತ್ತಿತ್ತು. ಅದು ಅಳಿಯಲಿಲ್ಲ, ಅರ್ಥವನ್ನು ಕಿರಿದು ಮಾಡಿಕೊಂಡು ಉಳಿಯಿತು. 2016ಕ್ಕೆ ಮೊದಲು ಎಂಟೆರೊಬ್ಯಾಕ್ಟೀರಿಯೇಸೀ ಎಂದರೆ ಇಡೀ ಮನೆ. ನಂತರ ಅದೇ ಪದಕ್ಕೆ ಮನೆಯ ಒಂದು ಕೋಣೆ ಎಂಬ ಅರ್ಥ. ಒಂದೇ ಪದಕ್ಕೆ ಎರಡು ವಿಸ್ತಾರ ಇರುವಾಗ ಅದನ್ನು ಆಧರಿಸಿದ ನಿಯಮ, ಅಂಕಿಅಂಶ ಮತ್ತು ಆದೇಶಗಳಿಗೂ ಎರಡು ಅರ್ಥ ಬರುವುದು ಸಹಜ.

ಕಾರ್ಬಪೆನೆಮ್ ಎಂಬುದು ಗಂಭೀರ ಸೋಂಕುಗಳಿಗೆ ಮೀಸಲಾದ ಪ್ರಬಲ ಔಷಧಗಳ ಗುಂಪು. ಅದಕ್ಕೂ ಬಗ್ಗದ ಕರುಳಿನ ಬ್ಯಾಕ್ಟೀರಿಯಾ ರೋಗಿಯೊಬ್ಬರಲ್ಲಿ ಕಂಡರೆ ಅವರನ್ನು ಪ್ರತ್ಯೇಕವಾಗಿರಿಸುವುದು, ಪಕ್ಕದ ಹಾಸಿಗೆಯವರನ್ನು ಪರೀಕ್ಷಿಸುವುದು, ಪ್ರಕರಣವನ್ನು ದಾಖಲಿಸುವುದು ಸೋಂಕು ನಿಯಂತ್ರಣದ ರೂಢಿ. ಆಸ್ಪತ್ರೆಯ ಗಣಕಯಂತ್ರದಲ್ಲಿ ನಿಯಮವು ‘ಎಂಟೆರೊಬ್ಯಾಕ್ಟೀರಿಯೇಸೀ’ ಎಂದೇ ಇದ್ದು, ಬ್ಯಾಕ್ಟೀರಿಯಾಗಳ ಪಟ್ಟಿ ಮಾತ್ರ ಹೊಸ ವರ್ಗೀಕರಣಕ್ಕೆ ಬದಲಾದರೆ ಸೆರೇಷಿಯಾ, ಪ್ರೋಟಿಯಸ್, ಪ್ರಾವಿಡೆನ್ಸಿಯಾ, ಮಾರ್ಗನೆಲ್ಲಾ ಸದ್ದಿಲ್ಲದೆ ಎಣಿಕೆಯಿಂದ ಹೊರಬೀಳುತ್ತವೆ. ಸೋಂಕು ಇಳಿದಂತೆ ಅಂಕಿಗಳು ತೋರಿಸಿಯಾವು. ವಾರ್ಡಿನಲ್ಲಿ ಏನೂ ಬದಲಾಗಿರುವುದಿಲ್ಲ.

ಈ ಭಯ ನಿರಾಧಾರವಲ್ಲ ಎಂಬುದಕ್ಕೆ 2017ರ ಪಟ್ಟಿಯೇ ಸಾಕ್ಷಿ. ಪಾಲಾದ ಕೆಲವೇ ತಿಂಗಳಲ್ಲಿ ಬಂದ ಆ ಪಟ್ಟಿಯು ಹಳೆಯ ಹೆಸರನ್ನೇ ಬಳಸಿ, ಸೆರೇಷಿಯಾ, ಪ್ರೋಟಿಯಸ್, ಪ್ರಾವಿಡೆನ್ಸಿಯಾ, ಮಾರ್ಗನೆಲ್ಲಾಗಳೂ ಇದರಲ್ಲಿ ಸೇರಿವೆ ಎಂದು ಅಡಿಟಿಪ್ಪಣಿಯಲ್ಲಿ ಹೇಳಬೇಕಾಯಿತು. ಪ್ರಯೋಗಾಲಯಗಳಿಗೆ ಔಷಧ ಸಂವೇದನೆಯ ಮಾನದಂಡ ರೂಪಿಸುವ ಅಮೆರಿಕದ ಸಿಎಲ್‌ಎಸ್‌ಐ ಸಂಸ್ಥೆಯು 2020ರ ಆವೃತ್ತಿಯಲ್ಲಿ ಗಣದ ಹೆಸರಿಗೆ ಬದಲಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಬದಲಾದದ್ದು 2024ರಲ್ಲಿ. ಆಸ್ಪತ್ರೆಗಳ ವರದಿ ನಮೂನೆಗಳು, ಹಳೆಯ ಪಠ್ಯಪುಸ್ತಕಗಳು ಮತ್ತು ಗುತ್ತಿಗೆಯ ತಂತ್ರಾಂಶಗಳು ಇದೇ ವೇಗದಲ್ಲಿ ಬದಲಾಗುತ್ತವೆ ಎಂದು ನಂಬುವುದು ಕಷ್ಟ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2013ರಿಂದ ಔಷಧ ನಿರೋಧಕತೆಯ ಮೇಲೆ ನಿಗಾ ಜಾಲವೊಂದನ್ನು ನಡೆಸುತ್ತಿದೆ. ಇಂತಹ ಜಾಲದ ಬೆಲೆ ಇರುವುದು ವರ್ಷದಿಂದ ವರ್ಷಕ್ಕೆ ಹೋಲಿಸಬಹುದಾದ ಅಂಕಿಗಳಲ್ಲಿ. ಅಳತೆಗೋಲೇ ನಡುವೆ ಕುಗ್ಗಿದರೆ ಹೋಲಿಕೆಗೆ ಅರ್ಥವಿರುವುದಿಲ್ಲ.

ಕುಟುಂಬ ಹೇಳುವ ಕಿವಿಮಾತು

ಹಾಗಾದರೆ ಹೊಸ ವಿಂಗಡಣೆಯೇ ಬೇಡವಾಗಿತ್ತೇ? ಹಾಗೆನ್ನುವಂತಿಲ್ಲ. ಚಿಕಿತ್ಸೆಯ ದೃಷ್ಟಿಯಿಂದಲೂ ಅದು ಉಪಯುಕ್ತವಾಗಿದೆ.

ಎಲ್ಲ ಔಷಧಗಳೂ ಸೋತಾಗ ವೈದ್ಯರು ಕೈಗೆತ್ತಿಕೊಳ್ಳುವ ಅಸ್ತ್ರಗಳಲ್ಲಿ ಕೋಲಿಸ್ಟಿನ್ ಒಂದು. ಅದನ್ನು ಮನುಷ್ಯರಿಗಾಗಿ ಉಳಿಸಿಕೊಳ್ಳುವ ಉದ್ದೇಶದಿಂದಲೇ ಕೇಂದ್ರ ಸರ್ಕಾರವು 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿ, ಕೋಳಿ ಮತ್ತು ಮೀನುಗಳಿಗೆ ಕೋಲಿಸ್ಟಿನ್ ಬಳಸುವುದನ್ನು ನಿಷೇಧಿಸಿತು. ಆದರೆ ಪ್ರೋಟಿಯಸ್, ಪ್ರಾವಿಡೆನ್ಸಿಯಾ, ಮಾರ್ಗನೆಲ್ಲಾ ಮತ್ತು ಸೆರೇಷಿಯಾಗಳ ಮೇಲೆ ಕೋಲಿಸ್ಟಿನ್ ಕೆಲಸ ಮಾಡುವುದಿಲ್ಲ. ಇದು ಔಷಧದ ದುರ್ಬಳಕೆಯಿಂದ ಗಳಿಸಿದ ನಿರೋಧಕತೆಯಲ್ಲ, ಹುಟ್ಟಿನಿಂದಲೇ ಬಂದ ಗುಣ. ಅಂತೆಯೇ ಮಾರ್ಗನೆಲ್ಲೇಸೀ ಕುಟುಂಬದ ಈ ಮೂರು ಕುಲಗಳು ಕಾರ್ಬಪೆನೆಮ್ ಗುಂಪಿನ ಇಮಿಪೆನೆಮ್‌ಗೆ ಸಹಜವಾಗಿಯೇ ಅಷ್ಟಾಗಿ ಬಗ್ಗುವುದಿಲ್ಲ. ಆದ್ದರಿಂದ ಇವುಗಳನ್ನು ಕಾರ್ಬಪೆನೆಮ್ ನಿರೋಧಕ ಎಂದು ಘೋಷಿಸುವ ಮುನ್ನ ಮೆರೊಪೆನೆಮ್‌ನಂತಹ ಬೇರೊಂದು ಔಷಧಕ್ಕೂ ನಿರೋಧಕತೆ ಇದೆಯೇ ಎಂದು ನೋಡಬೇಕೆಂಬುದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವ್ಯಾಖ್ಯೆ.

ಅಂದರೆ ಎಣಿಸುವಾಗ ಇಡೀ ಗಣವನ್ನು ನೋಡಬೇಕು, ಔಷಧ ಬರೆಯುವಾಗ ಕುಟುಂಬ ಮತ್ತು ಕುಲವನ್ನು ನೋಡಬೇಕು. ಎರಡೂ ಕೆಲಸಕ್ಕೆ ಒಂದೇ ಹೆಸರು ಸಾಲದು ಎಂಬುದೇ ಈ ಪಾಲುಪಟ್ಟಿ ಕಲಿಸುವ ಪಾಠ.

ಗೆರೆ ದಾಟುವ ವಂಶವಾಹಿ

ಮನುಷ್ಯರು ಎಳೆದ ಗೆರೆಗಳನ್ನು ಬ್ಯಾಕ್ಟೀರಿಯಾಗಳು ಗೌರವಿಸುವುದಿಲ್ಲ ಎಂಬುದೂ ಅಷ್ಟೇ ನಿಜ. ದೆಹಲಿಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್‌ಗೆ ಮರಳಿದ್ದ ರೋಗಿಯೊಬ್ಬರಲ್ಲಿ 2008ರಲ್ಲಿ ದೊರೆತ ಕ್ಲೆಬ್ಸಿಯೆಲ್ಲಾದಲ್ಲಿ ಕಾರ್ಬಪೆನೆಮ್ ಔಷಧವನ್ನು ಛಿದ್ರಗೊಳಿಸುವ ಹೊಸ ಕಿಣ್ವವೊಂದು ಪತ್ತೆಯಾಯಿತು. ಅದೇ ರೋಗಿಯ ಕರುಳಿನ ಇ. ಕೋಲಿಯಲ್ಲೂ ಅದೇ ವಂಶವಾಹಿ ಇತ್ತು. ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದ ಮೇಲೇರಿ ವಂಶವಾಹಿಯು ಒಂದು ಕುಲದಿಂದ ಇನ್ನೊಂದಕ್ಕೆ ದಾಟುತ್ತದೆ. ಕಿಣ್ವಕ್ಕೆ ‘ನ್ಯೂಡೆಲ್ಲಿ ಮೆಟಲೋ ಬೀಟಾ ಲ್ಯಾಕ್ಟಮೇಸ್-1’, ಸಂಕ್ಷಿಪ್ತವಾಗಿ ಎನ್‌ಡಿಎಂ-1, ಎಂದು ಹೆಸರಿಟ್ಟದ್ದಕ್ಕೆ 2010ರಲ್ಲಿ ಭಾರತ ಸರ್ಕಾರ ತೀವ್ರ ಆಕ್ಷೇಪ ವ್ಯಕ್ತಪಡಿಸಿತ್ತು. ಆದರೂ ಆ ಹೆಸರು ವಿಜ್ಞಾನ ಸಾಹಿತ್ಯದಲ್ಲಿ ಉಳಿದುಕೊಂಡಿದೆ.

ಹೆಸರಿನ ಗದ್ದಲದಲ್ಲಿ ಮುಖ್ಯ ಸಂಗತಿ ಹಿಂದೆ ಸರಿದದ್ದು ದುರದೃಷ್ಟಕರ. ದೆಹಲಿಯ ನೀರಿನ ಮಾದರಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ವಂಶವಾಹಿ ಶಿಗೆಲ್ಲಾದಲ್ಲಿ ಮಾತ್ರವಲ್ಲದೆ, ಈ ಗಣದಿಂದ ಪೂರ್ತಿ ಹೊರಗಿರುವ ಕಾಲರಾ ರೋಗಾಣುವಿನಲ್ಲೂ ಕಂಡುಬಂದಿತ್ತು. ಆದ್ದರಿಂದ ನಿಗಾ ವ್ಯವಸ್ಥೆಯು ಕೇವಲ ಕುಟುಂಬದ ಹೆಸರನ್ನು ನೆಚ್ಚಿಕೊಂಡರೆ ಸಾಲದು. ಯಾವ ನಿರೋಧಕ ವಂಶವಾಹಿ ಯಾವ ಬ್ಯಾಕ್ಟೀರಿಯಾದಲ್ಲಿದೆ ಎಂಬುದನ್ನೂ ದಾಖಲಿಸಬೇಕಾಗುತ್ತದೆ.

ಹೆಸರಿಗೆ ತಲೆಬಾಗಿದ ವಿಜ್ಞಾನ

ವಂಶಾವಳಿ ಹೇಳಿದ್ದನ್ನೆಲ್ಲ ಹೆಸರಿಗೆ ತರಲೇಬೇಕೆಂಬ ಹಟ ವಿಜ್ಞಾನಿಗಳಿಗೂ ಇಲ್ಲ ಎಂಬುದಕ್ಕೆ ಪ್ಲೇಗಿನ ಉದಾಹರಣೆ ಗಮನಾರ್ಹ. ಡಿಎನ್‌ಎ ಹೋಲಿಕೆಯ ಪ್ರಕಾರ ಪ್ಲೇಗಿನ ಯೆರ್ಸಿನಿಯಾ ಪೆಸ್ಟಿಸ್ ಮತ್ತು ಸಾಮಾನ್ಯವಾಗಿ ಕರುಳಿನ ಸೋಂಕಿಗಷ್ಟೇ ಕಾರಣವಾಗುವ ಯೆರ್ಸಿನಿಯಾ ಸ್ಯೂಡೊಟ್ಯೂಬರ್ಕ್ಯುಲೋಸಿಸ್ ಒಂದೇ ಪ್ರಭೇದ ಎನ್ನುವಷ್ಟು ಹತ್ತಿರ. ಮೊದಲನೆಯದನ್ನು ಎರಡನೆಯದರ ಉಪಪ್ರಭೇದವಾಗಿಸುವ ಪ್ರಸ್ತಾವ 1980ರ ದಶಕದ ಆರಂಭದಲ್ಲಿ ಬಂದಿತು. ಬ್ಯಾಕ್ಟೀರಿಯಾಗಳ ನಾಮಕರಣ ವಿವಾದಗಳನ್ನು ತೀರ್ಮಾನಿಸುವ ಅಂತರರಾಷ್ಟ್ರೀಯ ನ್ಯಾಯಿಕ ಆಯೋಗವು 1985ರಲ್ಲಿ ಅದನ್ನು ತಿರಸ್ಕರಿಸಿ, ಯೆರ್ಸಿನಿಯಾ ಪೆಸ್ಟಿಸ್ ಎಂಬ ಹೆಸರನ್ನೇ ಕಾಪಾಡಿತು. ಪ್ರಯೋಗಾಲಯದ ಸಿಬ್ಬಂದಿ ಹೊಸ ಹೆಸರನ್ನು ಅಪಾರ್ಥ ಮಾಡಿಕೊಂಡರೆ ಪ್ರಾಣಕ್ಕೇ ಸಂಚಕಾರ ಎಂಬುದೇ ತೀರ್ಮಾನದ ತಿರುಳು.

ಆ ಎಚ್ಚರಿಕೆಯ ಅರ್ಥ ಕನ್ನಡ ನಾಡಿಗೆ ಬಿಡಿಸಿ ಹೇಳಬೇಕಾಗಿಲ್ಲ. 1898ರಲ್ಲಿ ಬೆಂಗಳೂರಿಗೆ ನುಗ್ಗಿದ ಪ್ಲೇಗ್ ಪೇಟೆಯ ಇಕ್ಕಟ್ಟಿನ ಬೀದಿಗಳಿಂದ ಜನರನ್ನು ಹೊರದೂಡಿತು. ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳು ಬೆಳೆದದ್ದು ಅದರ ಬೆನ್ನಲ್ಲೇ. ಪ್ಲೇಗಮ್ಮನ ಗುಡಿಗಳು ಆ ದಿನಗಳ ನೆನಪನ್ನು ಇಂದಿಗೂ ಉಳಿಸಿಕೊಂಡಿವೆ. 1994ರಲ್ಲಿ ಸೂರತ್‌ನಲ್ಲಿ ಪ್ಲೇಗ್ ಎಂಬ ಒಂದು ಮಾತಿಗೆ ಲಕ್ಷಾಂತರ ಮಂದಿ ಊರು ತೊರೆದರು.

ಶಿಗೆಲ್ಲಾದ ಕಥೆಯೂ ಇದೇ. ವಂಶವಾಹಿಗಳ ಲೆಕ್ಕದಲ್ಲಿ ಅದು ಇ. ಕೋಲಿಯೇ. ಆದರೂ ರಕ್ತಭೇದಿಯ ರೋಗಾಣುವೆಂಬ ಪ್ರತ್ಯೇಕ ಗುರುತು ವೈದ್ಯರಿಗೆ ಅಗತ್ಯವಾದ್ದರಿಂದ ಹೆಸರು ಉಳಿದಿದೆ. ಸಾಲ್ಮೊನೆಲ್ಲಾ ಎಂಟೆರಿಕಾ ಎಂಬ ಒಂದೇ ಪ್ರಭೇದದೊಳಗೆ 2,500ಕ್ಕೂ ಹೆಚ್ಚು ಬಗೆಗಳಿದ್ದರೂ ಮನುಷ್ಯನಲ್ಲಿ ಮಾತ್ರ ನೆಲೆಸಿ ವಿಷಮಶೀತ ಜ್ವರ ತರುವ ‘ಟೈಫಿ’ಯನ್ನು ವರದಿಯಲ್ಲಿ ಬೇರೆಯಾಗಿಯೇ ಬರೆಯಲಾಗುತ್ತದೆ.

ಕುಡಿಯುವ ನೀರಿನ ಪರೀಕ್ಷೆ ಮತ್ತೊಂದು ನಿದರ್ಶನ. ಅಲ್ಲಿ ಹುಡುಕುವ ‘ಕೋಲಿಫಾರ್ಮ್’ ಎಂಬುದು ಕುಟುಂಬವೂ ಅಲ್ಲ, ಕುಲವೂ ಅಲ್ಲ. ಲ್ಯಾಕ್ಟೋಸನ್ನು ಹುದುಗಿಸುವ ಗುಣವನ್ನು ನೋಡಿ ಕಟ್ಟಿದ ಬಳಕೆಯ ಗುಂಪು ಅದು. 100 ಮಿಲಿಲೀಟರ್ ನೀರಿನಲ್ಲಿ ಇ. ಕೋಲಿ ಪತ್ತೆಯಾಗಬಾರದೆಂಬ ಭಾರತೀಯ ಮಾನಕ ಸಂಸ್ಥೆಯ 2012ರ ಮಾನದಂಡಕ್ಕೆ 2016ರ ಪಾಲುಪಟ್ಟಿಯಿಂದ ಯಾವ ಬಾಧಕವೂ ಆಗಲಿಲ್ಲ. ಮಲದ ಸೋಂಕಿದೆಯೇ ಎಂಬ ಪ್ರಶ್ನೆಗೆ ಬೇಕಾದಷ್ಟೇ ಉತ್ತರ ಕೊಡುವ ವಿಂಗಡಣೆ ಅದು.

ಆಗಬೇಕಾದ್ದು ಏನು?

ಜೀನೋಮ್‌ಗಳು ಓದಲ್ಪಟ್ಟಂತೆಲ್ಲ ಈ ಗಣದಲ್ಲಿ ಇನ್ನಷ್ಟು ಕುಲ, ಕುಟುಂಬಗಳು ಸೇರುತ್ತವೆ, ಹೆಸರುಗಳೂ ಬದಲಾಗುತ್ತವೆ. ಅದನ್ನು ತಡೆಯುವುದು ಸಾಧ್ಯವೂ ಅಲ್ಲ, ಸಾಧುವೂ ಅಲ್ಲ. ಆದರೆ ಬದಲಾವಣೆಯ ಭಾರ ರೋಗಿಯ ಮೇಲೆ ಬೀಳದಂತೆ ನೋಡಿಕೊಳ್ಳುವುದು ಸಾಧ್ಯ.

ಅದಕ್ಕೆ ದೊಡ್ಡ ವೆಚ್ಚವೇನೂ ಬೇಕಿಲ್ಲ. ಪ್ರಯೋಗಾಲಯದ ವರದಿಯಲ್ಲಿ ಬದಲಾದ ಹೆಸರಿನ ಪಕ್ಕದಲ್ಲಿ ಹಳೆಯ ಹೆಸರನ್ನೂ ಕೆಲವು ವರ್ಷ ಮುದ್ರಿಸಬಹುದು. ಸೋಂಕು ನಿಯಂತ್ರಣದ ನಿಯಮಗಳಲ್ಲಿ ಕುಟುಂಬದ ಹೆಸರಿನ ಬದಲು ಗಣದ ಹೆಸರನ್ನು ಬರೆದು, ಅದರಲ್ಲಿ ಸೇರುವ ಕುಲಗಳನ್ನು ಒಂದೊಂದಾಗಿ ನಮೂದಿಸಬಹುದು. ವಾರ್ಷಿಕ ಅಂಕಿಅಂಶ ಪ್ರಕಟಿಸುವಾಗ ಯಾವ ವರ್ಷದಿಂದ ಯಾವ ವ್ಯಾಖ್ಯೆ ಎಂಬುದನ್ನು ಸ್ಪಷ್ಟಪಡಿಸಬಹುದು. ಕೋಲಿಸ್ಟಿನ್‌ಗೆ ಹುಟ್ಟಿನಿಂದಲೇ ಬಗ್ಗದ ಕುಲ ಪತ್ತೆಯಾದಾಗ ವರದಿಯಲ್ಲೇ ಒಂದು ಸಾಲಿನ ಎಚ್ಚರಿಕೆ ಕೊಡಬಹುದು. ಜಿಲ್ಲಾ ಆಸ್ಪತ್ರೆಯ ವೈದ್ಯರು ವರ್ಗೀಕರಣದ ಪ್ರಬಂಧಗಳನ್ನು ಓದಲಿ ಎಂದು ನಿರೀಕ್ಷಿಸುವುದಕ್ಕಿಂತ ಓದಬೇಕಾದ್ದನ್ನು ವರದಿಯಲ್ಲೇ ಒದಗಿಸುವುದು ಮೇಲು.

ಬ್ಯಾಕ್ಟೀರಿಯಾಕ್ಕೆ ಯಾವ ಹೆಸರಿಟ್ಟರೂ ಅದರ ಸ್ವಭಾವ ಬದಲಾಗುವುದಿಲ್ಲ. ಬದಲಾಗುವುದು ಅದನ್ನು ಎಣಿಸುವ ಮತ್ತು ಅದರ ವಿರುದ್ಧ ಔಷಧ ಆರಿಸುವ ಮನುಷ್ಯರ ಕೆಲಸ. ಆ ಕೆಲಸದಲ್ಲಿ ಸಣ್ಣದೊಂದು ಪದ ತಪ್ಪಿದರೂ ಅದರ ಬೆಲೆ ತೆರಬೇಕಾದವರು ವಾರ್ಡಿನಲ್ಲಿ ಮಲಗಿರುವವರು.